ಹೊಗೆಗೆ ಹಿಡಿದ ಅಳತೆಗೋಲು

ಭಾರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಮನುಷ್ಯನ ಅತಿ ಪುರಾತನ ಕಷ್ಟಗಳಲ್ಲೊಂದು. ಕಾರ್ಕಳದ ಬಂಡೆಯ ಮೇಲೆ ನಿಂತಿರುವ ಗೊಮ್ಮಟಮೂರ್ತಿಯು ಈ ಕಷ್ಟಕ್ಕೆ ಸಾಕ್ಷಿಯಾಗಿದೆ. 1432ರಲ್ಲಿ ಭೈರರಸ ವೀರಪಾಂಡ್ಯನು ಪ್ರತಿಷ್ಠಿಸಿದ, ಸುಮಾರು 42 ಅಡಿ ಎತ್ತರದ ಆ ಏಕಶಿಲಾವಿಗ್ರಹವನ್ನು ಬೇರೊಂದೆಡೆಯಲ್ಲಿ ಕಡೆದು, ಅನೇಕ ಗಾಲಿಗಳ ಬಂಡಿಗಳ ಮೇಲೇರಿಸಿ, ಸಹಸ್ರಾರು ಜನರು ಹಗ್ಗ ಹಿಡಿದೆಳೆದು ಬೆಟ್ಟಕ್ಕೆ ತಂದರೆಂದು ಐತಿಹ್ಯವು ಹೇಳುತ್ತದೆ. ಕವಿ ಚಂದ್ರಮನು ಆ ಮೂರ್ತಿಯ ಚರಿತೆಯನ್ನು ಕಾವ್ಯವಾಗಿ ರಚಿಸಿದ್ದಾನೆ. ಆ ಬಂಡಿಗಳು ಎಬ್ಬಿಸಿದ್ದು ಧೂಳು, ಎಳೆದವರು ಸುರಿಸಿದ್ದು ಬೆವರು. ಅಲ್ಲಿ ಹೊಗೆಯ ಮಾತೇ ಇಲ್ಲ. ಇಂದು ಅದೇ ಊರಿನ ಹೆದ್ದಾರಿಯಲ್ಲಿ ಚಾಲಕನೂ ಅವನ ಸಹಾಯಕನೂ ಕುಳಿತ ಒಂದು ಲಾರಿಯು ಹತ್ತಾರು ಟನ್ನು ಕಲ್ಲನ್ನು ಘಳಿಗೆಯೊಳಗೆ ಊರಿಂದೂರಿಗೆ ಮುಟ್ಟಿಸುತ್ತದೆ. ಎಳೆಯುವವರ ಬೆವರು ಉಳಿಯಿತು ನಿಜ. ಆದರೆ ಆ ಶ್ರಮದ ಒಂದಂಶವು ರೂಪಾಂತರ ಹೊಂದಿ, ದಾರಿಯ ಬದಿಯಲ್ಲಿ ನಿಂತವರ ಉಸಿರಿಗೆ ಹೊಗೆಯಾಗಿ ಬಂದು ಸೇರಿತು. ಎಳೆದವರಿಗೆ ಕೂಲಿಯಾದರೂ ಇತ್ತು. ಉಸಿರಾಡಿದವರಿಗೆ ಅದೂ ಇಲ್ಲ. ಈ ಹೊಗೆಯನ್ನು ಅಳೆಯುವ, ಅಳೆದು ಕಟ್ಟುಪಾಡಿಗೊಳಪಡಿಸುವ ಪ್ರಯತ್ನವು ಉಡುಪಿ ಸೀಮೆಯವರೆಗೆ ಹೇಗೆ ಬಂದು ಮುಟ್ಟಿತೆಂಬುದೇ ಪ್ರಸ್ತುತ ವಿಷಯ.

ಪಶ್ಚಿಮ ಸಮುದ್ರಕ್ಕೂ ಸಹ್ಯಾದ್ರಿಗೂ ನಡುವೆ ಹರಡಿರುವ ಈ ಸೀಮೆಯಲ್ಲಿ ಭಾರ ಹೊರುವ ಕೆಲಸವು ಬಹುಕಾಲ ದೋಣಿಗಳದೂ ಎತ್ತುಗಳದೂ ಆಗಿತ್ತು. ಅಕ್ಕಿ, ತೆಂಗು, ಉಪ್ಪು, ಹೆಂಚು ಮೊದಲಾದ ಸರಕುಗಳು ಹೊಳೆಯ ದಾರಿಯಲ್ಲಿ ಬಂದರಗಳಿಗೆ ಇಳಿಯುತ್ತಿದ್ದವು. ಘಟ್ಟದ ಮೇಲಿನಿಂದ ಎತ್ತಿನ ಹೇರುಗಳು ಕಣಿವೆಗಳಲ್ಲಿ ಇಳಿದು ಬರುತ್ತಿದ್ದವು. ಮೋಟಾರು ಬಂದ ಮೇಲೂ ಸೇತುವೆಗಳಾಗುವ ತನಕ ಹೊಳೆಯ ದಡದಲ್ಲಿ ಗಾಡಿಯನ್ನು ಜಂಗಲಿನ ಮೇಲೇರಿಸಿ ಆಚೆಗೆ ದಾಟಿಸಬೇಕಾಗುತ್ತಿತ್ತು. ಹೀಗಿದ್ದರೂ ದಕ್ಷಿಣ ಕನ್ನಡದ ಜನರು ಮೋಟಾರನ್ನು ಕೈಬೀಸಿ ಕರೆದುಕೊಂಡರು. ಕೆನರಾ ಪಬ್ಲಿಕ್ ಕನ್ವೇಯನ್ಸ್, ಹನುಮಾನ್, ಶಂಕರ ವಿಠಲ ಮೊದಲಾದ ಕಂಪೆನಿಗಳ ಹೆಸರು ಮನೆಮಾತಾಯಿತು. ಸರಕಾರದ ಕೈಯನ್ನು ಕಾಯದೆ ಖಾಸಗಿ ಬಂಡವಾಳದಿಂದಲೇ ಸಾರಿಗೆಯನ್ನು ಬೆಳೆಯಿಸಿದ ಜಿಲ್ಲೆಯೆಂಬ ಕೀರ್ತಿ ಅದಕ್ಕೆ ಬಂದುದು ಹೀಗೆ.

ಮೋಟಾರಿನ ಬೆನ್ನಿಗೇ ಕಾಯಿದೆಯೂ ಬಂತು. 1914ರ ಹಿಂದುಸ್ಥಾನದ ಮೋಟಾರು ವಾಹನ ಕಾಯಿದೆಯು ನೋಂದಣಿಯನ್ನೂ ಚಾಲಕನ ಪರವಾನಗಿಯನ್ನೂ ವಿಧಿಸಿ, ಉಳಿದ ನಿಬಂಧನೆಗಳನ್ನು ಪ್ರಾಂತ ಸರಕಾರಗಳಿಗೆ ಬಿಟ್ಟುಕೊಟ್ಟಿತು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಈ ಸೀಮೆಯಲ್ಲಿ 1931ರ ಕಾಯಿದೆಯಿಂದ ವಾಹನಗಳ ಮೇಲೆ ತೆರಿಗೆಯೂ ಬಿತ್ತು. ಆ ದಿನಗಳಲ್ಲಿ ಸರಕಾರದ ಚಿಂತೆಯೆಲ್ಲ ವೇಗ, ಅಪಘಾತ, ರಸ್ತೆಯ ಸವೆತ ಇವುಗಳ ಕುರಿತಾಗಿತ್ತು. ಹೊಗೆಯು ನಗರಗಳ ಗಿರಣಿಯ ಚಿಮಣಿಗೆ ಸಂಬಂಧಿಸಿದ ವಿಷಯವೆಂದೇ ಎಣಿಕೆ. ಕಲಕತ್ತೆಯ ಹೊಗೆಗಾಗಿ 1905ರಲ್ಲಿಯೂ ಮುಂಬಯಿಯ ಹೊಗೆಗಾಗಿ 1912ರಲ್ಲಿಯೂ ಬೇರೆ ಬೇರೆ ಕಾಯಿದೆಗಳಾಗಿದ್ದವು. ಕಾಪುವಿನ ತೆಂಗಿನ ತೋಟಗಳ ನಡುವೆ ಹಾದುಹೋಗುವ ಮಣ್ಣುದಾರಿಗೆ ಅಂಥದೊಂದು ಕಾಯಿದೆ ಬೇಕಾದೀತೆಂದು ಯಾರಿಗೂ ತೋರಿರಲಿಕ್ಕಿಲ್ಲ.

1939ರ ಮೋಟಾರು ವಾಹನ ಕಾಯಿದೆಯಲ್ಲಿ ಮಾತ್ರ ಈ ಮಾತು ಮೊದಲಬಾರಿಗೆ ಸ್ಪಷ್ಟವಾಗಿ ಕಾಣಿಸುತ್ತದೆ. ವಾಹನಗಳ ರಚನೆ ಮತ್ತು ಪಾಲನೆಗಳ ವಿಷಯದಲ್ಲಿ ಪ್ರಾಂತ ಸರಕಾರಗಳು ನಿಯಮ ಮಾಡಬಹುದಾದ ಸಂಗತಿಗಳನ್ನು ಅದರ 70ನೆಯ ಕಲಮು ಎಣಿಸುತ್ತದೆ. ಆ ಪಟ್ಟಿಯಲ್ಲಿ ಹೊಗೆ, ಕಣ್ಣಿಗೆ ಕಾಣುವ ಆವಿ, ಕಿಡಿ, ಬೂದಿ, ಮರಳುಕಣ, ಎಣ್ಣೆ ಇವುಗಳನ್ನು ಹೊರಸೂಸುವ ವಿಷಯವೂ ಸೇರಿದೆ. ಮೋಟಾರಿಗೆ ಕಿಡಿಯೂ ಬೂದಿಯೂ ಎಲ್ಲಿಂದ ಬರಬೇಕೆಂದು ಇಂದಿನ ವಾಚಕನು ಕೇಳಬಹುದು. ಉಗಿಯ ಗಾಡಿಗಳ ನೆನಪಿನಿಂದ ಆ ಶಬ್ದಗಳು ಕಾಯಿದೆಗೆ ಬಂದಿರಬಹುದು. ಆದರೆ ಕಾಲದ ವಿನೋದವೆಂದರೆ, ಕಾಯಿದೆಯ ಮಸಿ ಆರುವ ಮುನ್ನವೇ ಮಹಾಯುದ್ಧವು ಹೊತ್ತಿ, ಪೆಟ್ರೋಲಿಗೆ ಪಡಿ ಬಿದ್ದು, ಆ ಶಬ್ದಗಳು ಕರಾವಳಿಯ ರಸ್ತೆಗಳಲ್ಲಿ ಅಕ್ಷರಶಃ ನಿಜವಾದುವು.

ಅದು ಇದ್ದಿಲು ಗ್ಯಾಸಿನ ಕಾಲ. ಬಸ್ಸಿನ ಹಿಂಬದಿಗೆ ಒಂದು ದೊಡ್ಡ ಕೊಳಗದಂಥ ಒಲೆಯನ್ನು ಜೋಡಿಸಿ, ಅದರಲ್ಲಿ ಇದ್ದಿಲು ತುಂಬಿ, ಮಿತವಾದ ಗಾಳಿಯನ್ನು ಕೊಟ್ಟು ಉರಿಸಿದರೆ ಇಂಗಾಲದ ಮಾನಾಕ್ಸೈಡು ಮುಖ್ಯವಾದ ಅನಿಲವು ಹುಟ್ಟುತ್ತದೆ. ಅದನ್ನು ಸೋಸಿ ಎಂಜಿನಿಗೆ ಹಾಯಿಸಿದರೆ ಪೆಟ್ರೋಲಿನ ಕೆಲಸ ನಡೆಯುತ್ತದೆ. ಬೆಳಗಿನ ಜಾವದಲ್ಲಿಯೇ ಎದ್ದು ಗಾಳಿಚಕ್ರ ತಿರುಗಿಸಿ ಒಲೆ ಹೊತ್ತಿಸುವುದು, ಏರು ಬಂದಲ್ಲಿ ಪ್ರಯಾಣಿಕರೇ ಇಳಿದು ತಳ್ಳುವುದು ಮುಂತಾದ ವೃತ್ತಾಂತಗಳನ್ನು ಹಿರಿಯರು ನಗುತ್ತ ಹೇಳುತ್ತಿದ್ದುದುಂಟು. ಆ ಅನಿಲವು ಬಣ್ಣವಿಲ್ಲದ, ವಾಸನೆಯಿಲ್ಲದ ವಿಷವೆಂಬುದನ್ನು ನಗುವಿನ ನಡುವೆ ಯಾರೂ ಹೆಚ್ಚಾಗಿ ನೆನೆಯುತ್ತಿರಲಿಲ್ಲ. ಕಣ್ಣಿಗೆ ಕಾಣುವ ಮಸಿಗೆ ಬಯ್ಯುವುದು, ಕಾಣದ ವಿಷವನ್ನು ಸಹಿಸಿಕೊಳ್ಳುವುದು ಎಂಬ ಮನುಷ್ಯಸ್ವಭಾವವು ಅಂದಿನಿಂದಲೇ ಈ ಚರಿತ್ರೆಯಲ್ಲಿ ಹರಿದುಬಂದಿದೆ.

ಯುದ್ಧವು ಮುಗಿದ ಮೇಲೆ ಡೀಸೆಲ್ ಯುಗವು ಬಂತು. ಜರ್ಮನಿಯ ರುಡಾಲ್ಫ್ ಡೀಸೆಲನು 1890ರ ದಶಕದಲ್ಲಿ ನಿರ್ಮಿಸಿದ ಎಂಜಿನಿನ ತತ್ತ್ವವು ಸರಳವಾದುದು: ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ, ಕಾದ ಗಾಳಿಗೆ ಎಣ್ಣೆಯನ್ನು ಚಿಮ್ಮಿದರೆ ಕಿಡಿಯ ಸಹಾಯವಿಲ್ಲದೆಯೇ ಹೊತ್ತುತ್ತದೆ. ಕಡಮೆ ಬೆಲೆಯ ಎಣ್ಣೆಯಿಂದ ಹೆಚ್ಚು ಬಲ ದೊರೆಯುವ ಈ ಎಂಜಿನು ಭಾರದ ಗಾಡಿಗಳಿಗೆ ಹೇಳಿಮಾಡಿಸಿದಂತಿತ್ತು. 1954ರಲ್ಲಿ ಟಾಟಾ ಸಂಸ್ಥೆಯು ಡೈಮ್ಲರ್-ಬೆಂಝ್ ಸಂಸ್ಥೆಯೊಡನೆ ಸೇರಿ ಲಾರಿಗಳ ತಯಾರಿಕೆಗೆ ತೊಡಗಿತು. ಮದರಾಸಿನಲ್ಲಿ 1948ರಲ್ಲಿ ಹುಟ್ಟಿದ ಅಶೋಕ ಮೋಟಾರ್ಸ್ ಸಂಸ್ಥೆಯು 1955ರಲ್ಲಿ ಅಶೋಕ ಲೇಲ್ಯಾಂಡ್ ಆಯಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಘಟ್ಟದ ಮೇಲಿನ ಕನ್ನಡ ನಾಡಿಗೂ ಕರಾವಳಿಗೂ ಸರಕಿನ ಸಂಬಂಧವು ಹಿಂದಿಗಿಂತ ಹೆಚ್ಚಿತು. ಆಗುಂಬೆಯ ಹದಿನಾಲ್ಕು ತಿರುವುಗಳನ್ನೂ ಕಾರ್ಕಳದಿಂದ ಮಾಳದ ಮೇಲೆ ಏರುವ ಕಡಿದಾದ ದಾರಿಯನ್ನೂ ಹತ್ತಬೇಕಾದ ಲಾರಿಗೆ ಬಲವೇ ಮುಖ್ಯ. ಕರಿಯ ಹೊಗೆಯನ್ನು ಉಗುಳುತ್ತ ಏರುವ ಗಾಡಿಯನ್ನು ಕಂಡ ಜನರು, ಅದು ಶ್ರಮಪಡುತ್ತಿದೆ, ಅದಕ್ಕೆ ಶಕ್ತಿಯಿದೆ ಎಂದುಕೊಂಡರು.

ವಸ್ತುತಃ ಕರಿಯ ಹೊಗೆಯು ಶಕ್ತಿಯ ಲಕ್ಷಣವಲ್ಲ, ನಷ್ಟದ ಲಕ್ಷಣ. ಚಿಮ್ಮಿದ ಎಣ್ಣೆಗೆ ತಕ್ಕಷ್ಟು ಗಾಳಿ ಒದಗದೆ ಹೋದಾಗ ಎಣ್ಣೆಯು ಅರ್ಧ ಉರಿದು ಮಸಿಯಾಗುತ್ತದೆ. ಗಾಳಿಯ ಜಾಲರಿ ಕಟ್ಟಿಕೊಂಡಿದ್ದರೆ, ಎಣ್ಣೆ ಚಿಮ್ಮುವ ನಳಿಗೆ ಸವೆದಿದ್ದರೆ, ಹೆಚ್ಚು ಬಲದ ಆಶೆಯಿಂದ ಪಂಪನ್ನು ತಿರುಗಿಸಿಟ್ಟಿದ್ದರೆ, ಗಾಡಿಗೆ ಮಿತಿಮೀರಿ ಭಾರ ಹೇರಿದ್ದರೆ ಹೊಗೆಯು ಹೆಚ್ಚುತ್ತದೆ. ಹಾಗಾದ ಮೇಲೆ, ಹೊಗೆಯನ್ನು ಕಡಮೆ ಮಾಡಿದ ಮಾಲಕನಿಗೆ ಎಣ್ಣೆಯೂ ಉಳಿಯಬೇಕಲ್ಲವೇ? ಒಂದು ಮಟ್ಟದವರೆಗೆ ಉಳಿಯುವುದು ನಿಜ. ಆದರೆ ಎಂಜಿನಿನೊಳಗಣ ಉರಿಯು ಅತ್ಯಂತ ಬಿಸಿಯಾದಾಗ ಗಾಳಿಯೊಳಗಿನ ಸಾರಜನಕವೂ ಆಮ್ಲಜನಕವೂ ಕೂಡಿ ಬೇರೊಂದು ಬಗೆಯ ವಿಷಾನಿಲಗಳಾಗುತ್ತವೆ. ಮಸಿಯನ್ನು ಕಡಮೆ ಮಾಡಲು ಹೊರಟರೆ ಈ ಸಾರಜನಕದ ಆಕ್ಸೈಡುಗಳು ಹೆಚ್ಚುತ್ತವೆ. ಇವನ್ನು ಕಡಮೆ ಮಾಡಲು ಹೊರಟರೆ ಮಸಿ ಹೆಚ್ಚುತ್ತದೆ. ಡೀಸೆಲ್ ಎಂಜಿನಿನ ಶಿಲ್ಪಿಗಳನ್ನು ಬಹುಕಾಲ ಕಾಡಿದ ಇಕ್ಕಟ್ಟು ಇದೇ.

ಹೊಗೆಯನ್ನು ದೂರುವುದು ಸುಲಭ, ಅಳೆಯುವುದು ಕಷ್ಟ. 1888ರಲ್ಲಿ ಪ್ಯಾರಿಸಿನ ರಿಂಗೆಲ್ಮನ್ ಎಂಬ ಪ್ರಾಧ್ಯಾಪಕನು ಬಿಳಿಯ ಕಾಗದದ ಮೇಲೆ ಕರಿಯ ಗೆರೆಗಳ ಜಾಲವನ್ನು ಬರೆದು, ಬಿಳಿಯಿಂದ ಕಪ್ಪಿನವರೆಗೆ ಛಾಯೆಗಳ ಒಂದು ಶ್ರೇಣಿಯನ್ನು ಮಾಡಿದನು. ಅದನ್ನು ದೂರದಲ್ಲಿ ಹಿಡಿದು ಚಿಮಣಿಯ ಹೊಗೆಯೊಡನೆ ಹೋಲಿಸಬೇಕು. ಆದರೆ ಇದು ಕಣ್ಣಿನ ತೀರ್ಪು. ಒಬ್ಬ ಅಧಿಕಾರಿಯ ಕಣ್ಣಿಗೆ ಕಪ್ಪಾಗಿ ಕಂಡುದು ಇನ್ನೊಬ್ಬನಿಗೆ ಬೂದುಬಣ್ಣವಾಗಿ ಕಂಡೀತು. ಕಣ್ಣಿನ ತೀರ್ಪನ್ನು ನಂಬಿದಲ್ಲಿ ಕೈಯ ಬೆಚ್ಚಗೆಗೂ ಅವಕಾಶವುಂಟು. ಆದಕಾರಣ ಇಂಗ್ಲಂಡಿನ ಹಾರ್ಟ್ರಿಜ್ ಸಂಸ್ಥೆಯ ಧೂಮಮಾಪಕದಂಥ ಯಂತ್ರಗಳು ಬಂದುವು. ಅದರ ತತ್ತ್ವವನ್ನು ಕಾಪುವಿನ ಜನರಿಗೆ ತಿಳಿಯಹೇಳುವುದು ಸುಲಭ. 1901ರಿಂದ ಅಲ್ಲಿನ ಬಂಡೆಯ ಮೇಲೆ ನಿಂತು ದೀಪಸ್ತಂಭವು ಕಡಲಿನ ಕಡೆಗೆ ಬೆಳಕನ್ನು ಚೆಲ್ಲುತ್ತಿದೆ. ಮಂಜು ಕವಿದಷ್ಟೂ ದೋಣಿಯವನಿಗೆ ಕಾಣುವ ಬೆಳಕು ಕಡಮೆ. ಧೂಮಮಾಪಕದಲ್ಲಿ ಸುಮಾರು 43 ಸೆಂಟಿಮೀಟರು ಉದ್ದದ ಕೊಳವೆಯ ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಬೆಳಕನ್ನು ಗ್ರಹಿಸುವ ಕಣ್ಣು, ನಡುವೆ ಲಾರಿಯ ಹೊಗೆ. ಹೊರಟ ಬೆಳಕಿನ 100 ಪಾಲುಗಳಲ್ಲಿ ಎಷ್ಟು ಪಾಲು ಹೊಗೆಯಲ್ಲಿ ನಷ್ಟವಾಯಿತೋ ಅಷ್ಟು ಹಾರ್ಟ್ರಿಜ್ ಅಂಕ.

ಈ ಅಂಕವು ಭಾರತದ ಕಾಯಿದೆಗೆ ಬಂದುದು ತಡವಾಗಿ. 1981ರಲ್ಲಿ ವಾಯುಮಾಲಿನ್ಯದ ಕಾಯಿದೆಯೂ, ಭೋಪಾಲದ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣೆಯ ಕಾಯಿದೆಯೂ ಆದುವು. 1939ರ ಮೋಟಾರು ಕಾಯಿದೆಯ ಸ್ಥಾನಕ್ಕೆ ಬಂದ 1988ರ ಕಾಯಿದೆಯು 1989ರ ಜುಲೈ 1ರಂದು ಜಾರಿಗೆ ಬಂತು. ಹೊಗೆ, ಕಿಡಿ, ಬೂದಿಗಳ ಹಳೆಯ ಪಟ್ಟಿಯು ಅದರ 110ನೆಯ ಕಲಮಿನಲ್ಲಿ ಹಾಗೆಯೇ ಉಳಿಯಿತು. ಆದರೆ ಅದರ ಕೆಳಗೆ ರಚಿತವಾದ ಕೇಂದ್ರ ನಿಯಮಾವಳಿಯ 115ನೆಯ ನಿಯಮದಲ್ಲಿ ಮೊದಲಬಾರಿಗೆ ಅಂಕೆಗಳು ಕಾಣಿಸಿಕೊಂಡುವು. ನಿಂತಲ್ಲಿಯೇ ಎಂಜಿನನ್ನು ಒಮ್ಮೆಗೇ ಜೋರಾಗಿ ಓಡಿಸಿ ನೋಡುವ ಪರೀಕ್ಷೆಯಲ್ಲಿ ಡೀಸೆಲ್ ವಾಹನದ ಹೊಗೆಯು 65 ಹಾರ್ಟ್ರಿಜ್ ಅಂಕಗಳನ್ನು ಮೀರತಕ್ಕದ್ದಲ್ಲ. ಅಂದರೆ ಕೊಳವೆಯ ಬೆಳಕಿನಲ್ಲಿ 35 ಪಾಲಾದರೂ ಆಚೆಯ ತುದಿಯನ್ನು ಸೇರಬೇಕು. ಕಾಲಾನಂತರದಲ್ಲಿ ನಾಲ್ಕನೆಯ ಹಂತದ ವಾಹನಗಳಿಗೆ ಈ ಮಿತಿಯು 50 ಅಂಕಗಳಿಗೆ ಇಳಿಯಿತು. ನೋಂದಣಿಯಾಗಿ ಒಂದು ವರ್ಷ ಕಳೆದ ಪ್ರತಿಯೊಂದು ವಾಹನದಲ್ಲಿಯೂ ಹೊಗೆಪತ್ರ ಇರತಕ್ಕದ್ದು. ಹಳೆಯ ಗಾಡಿಗಳಿಗೆ ಅದರ ಅವಧಿ ಆರು ತಿಂಗಳು, ನಾಲ್ಕನೆಯ ಮತ್ತು ಆರನೆಯ ಹಂತದವುಗಳಿಗೆ ಒಂದು ವರ್ಷ.

ಇಲ್ಲಿ ಹಂತವೆಂಬ ಶಬ್ದಕ್ಕೆ ವಿವರಣೆ ಬೇಕು. ರಸ್ತೆಯ ಮೇಲಿನ ಗಾಡಿಗೆ ಹೊಗೆಪತ್ರ ಹೇಗೋ, ಕಾರಖಾನೆಯಿಂದ ಹೊರಡುವ ಹೊಸ ಎಂಜಿನಿಗೆ ಹಂತ ಹಾಗೆ. ಪುಣೆಯ ಮೋಟಾರು ಸಂಶೋಧನ ಸಂಘದಂಥ ಪ್ರಯೋಗಶಾಲೆಗಳಲ್ಲಿ ಎಂಜಿನನ್ನು ಪೀಠದ ಮೇಲಿಟ್ಟು ಓಡಿಸಿ, ಒಂದು ಕಿಲೋವಾಟ್-ಗಂಟೆಯ ಕೆಲಸಕ್ಕೆ ಅದು ಎಷ್ಟು ಗ್ರಾಂ ವಿಷವನ್ನು ಹೊರಗೆ ಬಿಡುತ್ತದೆಂದು ತೂಗುತ್ತಾರೆ. 1992ರಲ್ಲಿ ಭಾರವಾಹನಗಳಿಗೆ ಮೊದಲ ಮಿತಿ ಬಂದಾಗ ಸಾರಜನಕದ ಆಕ್ಸೈಡುಗಳಿಗೆ 18 ಗ್ರಾಂ ಅನುಮತಿಯಿತ್ತು. 2000ದಲ್ಲಿ ಅದು 8 ಆಯಿತು. ಇಡಿಯ ದೇಶಕ್ಕೆ ಅನ್ವಯಿಸಿ 2005ರಲ್ಲಿ 7, 2010ರಲ್ಲಿ 5, 2017ರಲ್ಲಿ 3.5, 2020ರಲ್ಲಿ 0.46. ಮಸಿಯ ಮಿತಿಯು 2000ದಲ್ಲಿ 0.36 ಗ್ರಾಂ ಇದ್ದುದು 2020ಕ್ಕೆ 0.01 ಆಯಿತು. ಪರೀಕ್ಷೆಯ ಕ್ರಮವೂ ನಡುವೆ ಬದಲಾದುದರಿಂದ ಈ ಅಂಕೆಗಳನ್ನು ಒಂದಕ್ಕೊಂದು ನೇರವಾಗಿ ತಾಳೆಹಾಕಲಾಗದಾದರೂ, ಇಳಿಕೆಯ ಪ್ರಮಾಣವು ಅವುಗಳಿಂದ ತಿಳಿಯುತ್ತದೆ.

ಈ ಇಳಿಕೆಯು ಎಲ್ಲ ಊರುಗಳಿಗೂ ಏಕಕಾಲದಲ್ಲಿ ಬರಲಿಲ್ಲವೆಂಬುದು ಉಡುಪಿಯಂಥ ಊರುಗಳ ದೃಷ್ಟಿಯಿಂದ ಮುಖ್ಯವಾದ ಸಂಗತಿ. ದೆಹಲಿಯ ಗಾಳಿಯ ಕುರಿತು ಎಂ. ಸಿ. ಮೆಹ್ತಾ ಎಂಬ ನ್ಯಾಯವಾದಿಯು 1985ರಲ್ಲಿ ಹೂಡಿದ ಅರ್ಜಿಯು ಸರ್ವೋಚ್ಚ ನ್ಯಾಯಾಲಯದಲ್ಲಿ ದಶಕಗಳ ಕಾಲ ನಡೆಯಿತು. 1998ರ ಜುಲೈ 28ರ ಆಜ್ಞೆಯಿಂದ ಆ ನಗರದ ಬಸ್ಸುಗಳೆಲ್ಲ ನೈಸರ್ಗಿಕ ಅನಿಲಕ್ಕೆ ತಿರುಗಬೇಕಾಯಿತು. ರಾಜಧಾನಿಗೆ ಬಂದುದು ಮಹಾನಗರಗಳಿಗೂ, ಅಲ್ಲಿಂದ ಇತರ ಪಟ್ಟಣಗಳಿಗೂ ಹರಿದುಬಂತು. ಮೂರನೆಯ ಹಂತವು ಬೆಂಗಳೂರನ್ನೊಳಗೊಂಡ 11 ನಗರಗಳಿಗೆ 2005ರಲ್ಲಿಯೂ ಉಳಿದೆಡೆಗೆ 2010ರಲ್ಲಿಯೂ ಬಂತು. ನಾಲ್ಕನೆಯದು ದೊಡ್ಡ ನಗರಗಳಿಗೆ 2010ರಲ್ಲಿಯೂ ಇಡಿಯ ದೇಶಕ್ಕೆ 2017ರಲ್ಲಿಯೂ ಬಂತು. ಬೆಂಗಳೂರಿನವನ ಉಸಿರಿಗೆ ಒಂದು ಮಿತಿ, ಕಾಪುವಿನವನ ಉಸಿರಿಗೆ ಇನ್ನೊಂದು ಮಿತಿ ಎಂಬಂತೆ ಆ ವರ್ಷಗಳು ಕಳೆದುವು. ಒಂದೇ ದೇಶದಲ್ಲಿ ಹೀಗೆ ಎರಡು ಕಟ್ಟುಪಾಡುಗಳು ನಡೆಯುತ್ತಿದ್ದಾಗ, ಹಳೆಯ ಹಂತದ ಲಾರಿಯನ್ನು ಸಣ್ಣ ಊರಿನಲ್ಲಿ ನೋಂದಾಯಿಸಿ ದೂರದ ದಾರಿಗೆ ಬಿಡುವುದಕ್ಕೆ ಅಡ್ಡಿಯಿರಲಿಲ್ಲ. ಲಾರಿಗೆ ಚಕ್ರಗಳಿವೆ, ಮಿತಿಗೆ ಇಲ್ಲ.

ಈ ಭೇದಕ್ಕೆ ಒಂದು ಸಕಾರಣವೂ ಇತ್ತೆಂದು ನ್ಯಾಯವಾಗಿ ಹೇಳಬೇಕು. ಶುದ್ಧವಾದ ಎಂಜಿನಿಗೆ ಶುದ್ಧವಾದ ಎಣ್ಣೆ ಬೇಕು. ಡೀಸೆಲಿನಲ್ಲಿರುವ ಗಂಧಕವು ತಾನೇ ವಿಷವಾಗುವುದಲ್ಲದೆ ಹೊಗೆಯನ್ನು ಶೋಧಿಸುವ ಸಾಧನಗಳನ್ನೂ ಕೆಡಿಸುತ್ತದೆ. 1996ಕ್ಕೆ ಮುಂಚೆ ಈ ದೇಶದ ಡೀಸೆಲಿನಲ್ಲಿ ನೂರಕ್ಕೆ ಒಂದು ಪಾಲಿನವರೆಗೆ, ಎಂದರೆ ಹತ್ತು ಲಕ್ಷಕ್ಕೆ 10,000 ಪಾಲು ಗಂಧಕಕ್ಕೆ ಅವಕಾಶವಿತ್ತು. ಎರಡನೆಯ ಹಂತದಲ್ಲಿ ಅದು 500, ಮೂರನೆಯದರಲ್ಲಿ 350, ನಾಲ್ಕನೆಯದರಲ್ಲಿ 50, ಆರನೆಯದರಲ್ಲಿ 10 ಪಾಲಿಗೆ ಇಳಿಯಿತು. ಇದಕ್ಕಾಗಿ ದೇಶದ ತೈಲಶುದ್ಧಿ ಕಾರಖಾನೆಗಳೆಲ್ಲ ಹೊಸ ಯಂತ್ರಗಳನ್ನು ಹೂಡಬೇಕಾಯಿತು. 1996ರಲ್ಲಿ ಕೆಲಸವನ್ನಾರಂಭಿಸಿದ, ಸುರತ್ಕಲ್ಲಿನ ಸಮೀಪದ ಮಂಗಳೂರು ತೈಲಶುದ್ಧಿ ಕಾರಖಾನೆಯೂ ಇದಕ್ಕೆ ಹೊರತಲ್ಲ. ಒಂದು ಲಾರಿಯ ಹೊಗೆನಳಿಗೆಯನ್ನು ಶುದ್ಧಗೊಳಿಸಬೇಕಾದರೆ ಇಡಿಯ ಎಣ್ಣೆಯ ವ್ಯಾಪಾರವನ್ನೇ ಶುದ್ಧಗೊಳಿಸಬೇಕಾಗುತ್ತದೆಂಬ ಪಾಠವನ್ನು ಈ ಚರಿತ್ರೆಯು ಕಲಿಸುತ್ತದೆ.

2017ರ ಮಾರ್ಚ್ 29ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಆಜ್ಞೆಯು ವಾಹನ ವ್ಯಾಪಾರಿಗಳಿಗೆ ಸಿಡಿಲಿನಂತೆ ಎರಗಿತು. ಮೂರನೆಯ ಹಂತದ ವಾಹನಗಳನ್ನು ಏಪ್ರಿಲ್ 1ರಿಂದ ಮಾರತಕ್ಕದ್ದಲ್ಲ, ನೋಂದಾಯಿಸತಕ್ಕದ್ದೂ ಅಲ್ಲ. ಆಗ ದೇಶದ ಮಳಿಗೆಗಳಲ್ಲಿ ಮಾರಾಟವಾಗದೆ ಉಳಿದಿದ್ದ ಅಂಥ ವಾಹನಗಳು ಸುಮಾರು 8.24 ಲಕ್ಷ, ಅವುಗಳಲ್ಲಿ ಸರಕು ಮತ್ತು ಸಾರಿಗೆಯ ವಾಹನಗಳು ಸುಮಾರು 96,000. ತಯಾರಕರ ಲಾಭಕ್ಕಿಂತ ಜನರ ಆರೋಗ್ಯವು ಮಿಗಿಲೆಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ಐದನೆಯ ಹಂತವನ್ನು ಬಿಟ್ಟು ನೇರವಾಗಿ ಆರಕ್ಕೆ ಹೋಗುವ ನಿಶ್ಚಯವನ್ನು ಸರಕಾರವು 2016ರಲ್ಲಿಯೇ ಪ್ರಕಟಿಸಿತ್ತು. 2020ರ ಏಪ್ರಿಲ್ 1ರಂದು ಅದು ಜಾರಿಗೆ ಬಂತು. ಅದೇ ದಿನಗಳಲ್ಲಿ ಮಹಾಮಾರಿಯ ದಿಗ್ಬಂಧನದಿಂದ ರಾಷ್ಟ್ರೀಯ ಹೆದ್ದಾರಿ 66 ಬರಿದಾಗಿತ್ತು. ಹೊಸ ಯುಗದ ಲಾರಿಗಳು ನಿಶ್ಶಬ್ದವಾದ ರಸ್ತೆಗೆ ಕಾಲಿಟ್ಟುವು.

ಆ ಲಾರಿಗಳ ಒಡಲೇ ಬೇರೆ. ಹೊಗೆನಳಿಗೆಯಲ್ಲಿ ಮಸಿಯನ್ನು ಹಿಡಿದು ಸುಡುವ ಜಾಲರಿ. ಅದರ ಬಳಿಕ ನೂರಕ್ಕೆ 32.5 ಪಾಲು ಯೂರಿಯಾ ಬೆರೆಸಿದ ಶುದ್ಧಜಲವನ್ನು ಚಿಮ್ಮಿ ಸಾರಜನಕದ ಆಕ್ಸೈಡುಗಳನ್ನು ನಿರುಪದ್ರವಿಯಾದ ಸಾರಜನಕವಾಗಿಯೂ ನೀರಾವಿಯಾಗಿಯೂ ಮಾರ್ಪಡಿಸುವ ಪಾತ್ರೆ; ಇವುಗಳ ಮೇಲೆ ಕಣ್ಣಿಟ್ಟು ತಪ್ಪಿದರೆ ಎಚ್ಚರಿಸುವ ಗಣಕ. ಎರಡು ವಿಷಗಳ ಹಳೆಯ ಇಕ್ಕಟ್ಟಿಗೆ ಪರಿಹಾರವು ಎಂಜಿನಿನ ಹೊರಗೆ ದೊರೆಯಿತು. ಆದರೆ ಮಾಲಕನ ಹೆಗಲಿಗೆ ಹೊಸ ಭಾರವೂ ಬಿತ್ತು. ಗಾಡಿಯ ಬೆಲೆ ಏರಿತು. ಎಣ್ಣೆಯ ಜತೆಗೆ ಯೂರಿಯಾ ನೀರಿನ ವೆಚ್ಚ ಸೇರಿತು. ಹಿಂದೆ ರಸ್ತೆಯ ಬದಿಯ ಮೇಸ್ತ್ರಿಯು ಸುತ್ತಿಗೆ ಹಿಡಿದು ಸರಿಪಡಿಸುತ್ತಿದ್ದ ದೋಷಗಳಿಗೆ ಈಗ ಕಂಪೆನಿಯ ಗಣಕಯಂತ್ರವೇ ಬೇಕಾಯಿತು. ನೂರಾರು ಗಾಡಿಗಳ ಒಡೆಯನಿಗೆ ಇದು ಲೆಕ್ಕದ ಮಾತು. ಸಾಲಮಾಡಿ ಒಂದೇ ಲಾರಿಯನ್ನು ಕೊಂಡು ತಾನೇ ಚಕ್ರ ಹಿಡಿಯುವವನಿಗೆ ಇದು ಸಂಸಾರದ ಮಾತು. ಯೂರಿಯಾದ ಸಾಧನವನ್ನು ಮೋಸಗೊಳಿಸುವ ಉಪಕರಣವೊಂದನ್ನು ಸಿಕ್ಕಿಸಿಕೊಂಡರೆ ವೆಚ್ಚ ಉಳಿಯುತ್ತದೆಂದು ಪಿಸುಗುಟ್ಟುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅಂಥ ಮಾತಿಗೆ ಕಿವಿಗೊಡುವವನನ್ನು ಖಂಡಿಸುವುದು ಸುಲಭ. ಅವನ ಸಾಲದ ಕಂತನ್ನು ಕಟ್ಟುವವರು ಯಾರೆಂದು ಕೇಳುವುದೂ ನ್ಯಾಯವೇ.

ಮೋಸವೇನೂ ಬಡ ಮಾಲಕರ ಸೊತ್ತಲ್ಲ. 1998ರಲ್ಲಿ ಅಮೇರಿಕೆಯ ಸರಕಾರವು ಭಾರವಾಹನದ ಎಂಜಿನು ತಯಾರಿಸುವ ಏಳು ದೊಡ್ಡ ಸಂಸ್ಥೆಗಳೊಡನೆ ರಾಜಿಪತ್ರ ಮಾಡಿಕೊಂಡಿತು. ಪರೀಕ್ಷೆಯ ಪೀಠದ ಮೇಲೆ ಮಿತಿಯೊಳಗಿದ್ದ ಆ ಎಂಜಿನುಗಳು ಹೆದ್ದಾರಿಯಲ್ಲಿ ಸ್ಥಿರವೇಗದಿಂದ ಓಡುವಾಗ ತಮ್ಮ ಗಣಕದ ಸಂಜ್ಞೆಯಿಂದ ನಡತೆಯನ್ನು ಬದಲಿಸಿ, ಎಣ್ಣೆ ಉಳಿಸಿ ವಿಷವನ್ನು ಹೆಚ್ಚಾಗಿ ಬಿಡುತ್ತಿದ್ದುವೆಂಬುದು ಆರೋಪ. ಆ ಪ್ರಕರಣದ ಫಲವಾಗಿ, ಓಡುವ ಲಾರಿಯ ಮೇಲೆಯೇ ಇಟ್ಟು ಹೊಗೆಯನ್ನು ಅಳೆಯುವ ಉಪಕರಣವನ್ನು ರೂಪಿಸುವ ಕೆಲಸವು ಪಶ್ಚಿಮ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಮುಂದೆ 2013ರಲ್ಲಿ ಅದೇ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡವು ಅಂಥ ಉಪಕರಣವನ್ನು ಡೀಸೆಲ್ ಕಾರುಗಳಿಗೆ ಕಟ್ಟಿ ರಸ್ತೆಯಲ್ಲಿ ಓಡಿಸಿದಾಗ, ಫೋಕ್ಸ್‌ವ್ಯಾಗನ್ ಸಂಸ್ಥೆಯ ಕಾರುಗಳು ಪ್ರಯೋಗಶಾಲೆಯ ಅಂಕಗಳಿಗಿಂತ ಅನೇಕ ಪಟ್ಟು ಹೆಚ್ಚು ವಿಷವನ್ನು ಸೂಸುತ್ತಿದ್ದುದು ಕಂಡುಬಂತು. 2015ರಲ್ಲಿ ಜಗತ್ತಿಗೆ ತಿಳಿದುಬಂದ ಆ ವಂಚನೆಯಲ್ಲಿ ಸುಮಾರು 1 ಕೋಟಿ 10 ಲಕ್ಷ ವಾಹನಗಳು ಸೇರಿದ್ದುವು. ಆ ತಂಡದಲ್ಲಿದ್ದವರಲ್ಲಿ ಬೆಂಗಳೂರಿನಲ್ಲಿ ಬೆಳೆದ ಹೇಮಂತ ಕಪ್ಪಣ್ಣನವರೂ ಒಬ್ಬರು. ಕನ್ನಡ ನಾಡಿನಿಂದ ಹೋದ ಒಬ್ಬ ವಿದ್ಯಾರ್ಥಿಯು ಮಹಾಸಂಸ್ಥೆಯೊಂದರ ಅಸತ್ಯವನ್ನು ಅಳತೆಗೋಲಿನಿಂದಲೇ ಬಯಲಿಗೆಳೆದವರ ಸಾಲಿನಲ್ಲಿ ನಿಂತದ್ದು ಈ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ಈ ಪ್ರಕರಣವು ಉಡುಪಿಯ ರಸ್ತೆಗೂ ಒಂದು ಪ್ರಶ್ನೆಯನ್ನು ಕೇಳುತ್ತದೆ. ಹೊಗೆಪತ್ರದ ಪರೀಕ್ಷೆಯಲ್ಲಿ ಲಾರಿಯು ನಿಂತಿರುತ್ತದೆ. ಅದರ ಬೆನ್ನಿನ ಮೇಲೆ ಭಾರವಿದೆಯೋ ಇಲ್ಲವೋ ಯಂತ್ರಕ್ಕೆ ತಿಳಿಯದು. ಕಾರ್ಕಳದ ಕಲ್ಲನ್ನೋ ಮಲ್ಪೆಯ ಮೀನನ್ನೋ ಹೇರಿಕೊಂಡು ಆಗುಂಬೆಯ ತಿರುವಿನಲ್ಲಿ ಅದೇ ಲಾರಿಯು ಏನನ್ನು ಉಗುಳುವುದೆಂಬುದನ್ನು ಆ ಪತ್ರವು ಹೇಳಲಾರದು. ಮೇಲಾಗಿ ಅದು ಅಳೆಯುವುದು ಬೆಳಕಿಗೆ ಅಡ್ಡಬರುವ ಮಸಿಯನ್ನು ಮಾತ್ರ; ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳನ್ನು ಅಲ್ಲ. ಇದ್ದಿಲು ಗ್ಯಾಸಿನ ಕಾಲದ ಹಳೆಯ ಸ್ವಭಾವವೇ ಇಲ್ಲಿಯೂ ಉಳಿದಿದೆ. ಈ ಕೊರತೆಯನ್ನು ತುಂಬುವುದಕ್ಕಾಗಿಯೇ 2023ರ ಏಪ್ರಿಲ್ 1ರಿಂದ ಆರನೆಯ ಹಂತದ ಎರಡನೆಯ ಭಾಗವು ಬಂದು, ಹೊಸ ವಾಹನಗಳನ್ನು ರಸ್ತೆಯ ಮೇಲೆಯೇ ಓಡಿಸಿ ಅಳೆಯುವ ಕಟ್ಟಳೆಯಾಯಿತು. ಹಳೆಯ ಲಾರಿಗಳಿಗೆ ಮಾತ್ರ ನಿಂತಲ್ಲಿನ ಪರೀಕ್ಷೆಯೇ ಗತಿ. 2019ರ ತಿದ್ದುಪಡಿಯು ಹೊಗೆಯ ಮಿತಿ ಮೀರಿದವನಿಗೆ 10,000 ರೂಪಾಯಿಯವರೆಗೆ ದಂಡವನ್ನೋ ಮೂರು ತಿಂಗಳವರೆಗೆ ಸೆರೆಯನ್ನೋ ವಿಧಿಸಿತು. 2021ರಲ್ಲಿ ದೇಶಕ್ಕೆಲ್ಲ ಒಂದೇ ಮಾದರಿಯ ಹೊಗೆಪತ್ರವು ಗೊತ್ತಾಯಿತು. ದಂಡದ ಭಯವು ಪತ್ರವನ್ನು ಕೊಡಿಸುತ್ತದೆ. ಎಂಜಿನನ್ನು ಸರಿಪಡಿಸುವುದು ಆ ಪತ್ರದ ಹಿಂದಿನ ಪ್ರಾಮಾಣಿಕತೆ.

ಉಡುಪಿ ಸೀಮೆಯು ವರ್ಷಕ್ಕೆ ನಾಲ್ಕು ತಿಂಗಳು ಮಳೆಯಲ್ಲಿ ಮೀಯುತ್ತದೆ. ಕಡಲಗಾಳಿಯು ದಿನವೂ ಅದರ ಅಂಗಳವನ್ನು ಗುಡಿಸುತ್ತದೆ. ಆದುದರಿಂದ ದೆಹಲಿಯ ಕಷ್ಟವು ತಮಗಿಲ್ಲವೆಂದು ಇಲ್ಲಿನವರು ಭಾವಿಸುವುದು ಸಹಜ. ಸರಾಸರಿಯ ಮಟ್ಟಿಗೆ ಅದು ಸುಳ್ಳೂ ಅಲ್ಲ. ಆದರೆ ಯಾರೂ ಸರಾಸರಿ ಗಾಳಿಯನ್ನು ಉಸಿರಾಡುವುದಿಲ್ಲ. ಉಡುಪಿಯಿಂದ ಮಣಿಪಾಲಕ್ಕೆ ಏರುವ ದಾರಿಯಲ್ಲಿ ಲಾರಿಗಳು ಗೇರು ಬದಲಿಸುವ ತಾಣದಲ್ಲಿ ನಿಂತ ಪೋಲೀಸಿನವನು, ಕಾಪುವಿನ ಹೆದ್ದಾರಿಯಂಚಿನ ಎಳನೀರಿನವನು, ಕಾರ್ಕಳದ ಬಸ್ಸು ನಿಲ್ದಾಣದಲ್ಲಿ ಶಾಲೆಯ ಚೀಲ ಹೊತ್ತು ನಿಂತ ಬಾಲಕಿ, ಇವರು ಉಸಿರಾಡುವುದು ಆ ಕ್ಷಣದ, ಆ ಸ್ಥಳದ ಗಾಳಿಯನ್ನು. ಡೀಸೆಲಿನ ಹೊಗೆಯು ಮನುಷ್ಯರಿಗೆ ಅರ್ಬುದರೋಗವನ್ನು ತರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನ ಮಂಡಲಿಯು 2012ರಲ್ಲಿ ನಿಸ್ಸಂದೇಹವಾಗಿ ಸಾರಿತು. 1953ರಲ್ಲಿ ವೈದ್ಯಕೀಯ ವಿದ್ಯಾಲಯವು ಹುಟ್ಟಿದ ಮಣಿಪಾಲದ ಗುಡ್ಡಕ್ಕೆ ಲಾರಿಯೂ ಏರುತ್ತದೆ, ರೋಗಿಯೂ ಏರುತ್ತಾನೆ; ಇಬ್ಬರಿಗೂ ದಾರಿ ಒಂದೇ.

ಭಾರವನ್ನು ಹೊಗೆಯಿಲ್ಲದೆ ಸಾಗಿಸಿದ ನಿದರ್ಶನಗಳು ಈ ಸೀಮೆಗೆ ಅಪರಿಚಿತವಲ್ಲ. ಕಾರ್ಕಳದ ಮೇಲಣ ಕುದುರೆಮುಖದಲ್ಲಿ ಅಗೆದ ಅದಿರು ಲಾರಿಗಳಲ್ಲಿ ಇಳಿಯಲಿಲ್ಲ. ನೀರಿನೊಡನೆ ಬೆರೆತು ಸುಮಾರು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಯಿತು. 2005ರ ಕೊನೆಯಲ್ಲಿ ನ್ಯಾಯಾಲಯದ ಆಜ್ಞೆಯಂತೆ ಗಣಿಯೇ ನಿಂತುಹೋಯಿತು. ಆ ಗಣಿಯಿಂದ ಕಾಡಿಗೂ ಹೊಳೆಗೂ ಆದ ಹಾನಿ ಬೇರೆಯ ಮಾತು. ಕೊಂಕಣ ರೈಲ್ವೆಯು 1999ರಲ್ಲಿ ಕೋಲಾಡಿನಿಂದ ಗೋವೆಯ ವೆರ್ಣೆಗೆ ಲಾರಿಗಳನ್ನೇ ರೈಲಿನ ಮೇಲೇರಿಸಿ ಒಯ್ಯುವ ಕ್ರಮವನ್ನು ಆರಂಭಿಸಿ, 2004ರಲ್ಲಿ ಅದನ್ನು ಸುರತ್ಕಲ್ಲಿನವರೆಗೆ ತಂದಿತು. ಉಡುಪಿಯ ಗದ್ದೆಗಳ ನಡುವೆ ಸಾಲುಸಾಲಾಗಿ ಲಾರಿಗಳನ್ನು ಹೊತ್ತು ಸಾಗುವ ರೈಲನ್ನು ಕಂಡ ಮಕ್ಕಳು ಕೈಬೀಸುತ್ತಾರೆ. ಅಂಥ ಒಂದೊಂದು ಲಾರಿಯ ಎಂಜಿನು ಅಷ್ಟು ಹೊತ್ತು ಮೌನವಾಗಿರುತ್ತದೆ.

1914ರ ನೋಂದಣಿಯಿಂದ ಇಂದಿನ ಗಣಕದವರೆಗೆ ನೂರಕ್ಕೂ ಹೆಚ್ಚು ವರ್ಷಗಳು ಸಂದುವು. ಈ ಅವಧಿಯಲ್ಲಿ ಕಾಯಿದೆಗಳು ಮದರಾಸು, ದೆಹಲಿಗಳಿಂದ ಬಂದುವು. ಯಂತ್ರಗಳು ಜರ್ಮನಿಯಿಂದಲೂ ಪುಣೆಯಿಂದಲೂ ಬಂದುವು. ಅಳತೆಗೋಲು ಇಂಗ್ಲಂಡಿನಿಂದ ಬಂತು. ಹೊಗೆ ಮಾತ್ರ ಯಾವಾಗಲೂ ಸ್ಥಳೀಯವಾಗಿಯೇ ಇತ್ತು. ಆರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಹೆದ್ದಾರಿಯ ಬದಿಯ ಪುಟ್ಟ ಕೋಣೆಯೊಂದರ ಮುಂದೆ ಲಾರಿಯನ್ನು ನಿಲ್ಲಿಸಿ, ಅದರ ನಳಿಗೆಗೆ ಕೊಳವೆಯನ್ನು ಸೇರಿಸಿ, ಅಂಕವನ್ನು ಓದುವ ಯುವಕನ ಕೈಯಲ್ಲಿ ಈ ಎಲ್ಲ ಚರಿತ್ರೆಯ ತುದಿಯಿದೆ. ಅವನು ಕಂಡ ಅಂಕವನ್ನೇ ಬರೆದರೆ ನೂರು ವರ್ಷಗಳ ಪ್ರಯತ್ನಕ್ಕೆ ಅರ್ಥ ಬರುತ್ತದೆ; ಬೇರೆ ಬರೆದರೆ, ಆ ಬಾಲಕಿಯು ನಾಳೆಯೂ ಅದೇ ನಿಲ್ದಾಣದಲ್ಲಿ ನಿಂತಿರುತ್ತಾಳೆ.